ಪ್ಯಾರಿಸ್‌ನಿಂದ ಉಡುಗೊರೆ ತರುವವರಿಗೆ

ಕ್ರಿಸ್‌ಮಸ್ ರಜೆಗೆ ಪ್ಯಾರಿಸ್‌ಗೆ ಹೊರಟಿದ್ದೀರಾ? ಅಮ್ಮನಿಗೋ ಅಕ್ಕನಿಗೋ ದುಬಾರಿ ಬ್ಯಾಗೇ ತರಬೇಕು ಅಂತೇನಿಲ್ಲ. ರೇಷ್ಮೆ ಸ್ಕಾರ್ಫ್ ನೋಡಿ. ಫ್ರಾನ್ಸ್‌ನ ಹೆಸರಾಂತ ಕಂಪನಿ ಎರ್ಮೆಸ್‌ನವರು 1937ರಿಂದ ಮಾಡುತ್ತಿರುವ ‘ಕಾರೆ’ ಎಂಬ ಸ್ಕಾರ್ಫ್ 90 ಸೆಂ.ಮೀ. ಚೌಕದ್ದು. ಹೊಸದಕ್ಕೆ ಬೆಲೆ ಜಾಸ್ತಿಯೇ. ಆದರೆ ಅಲ್ಲಿನ ‘ದೆಪೋ-ವಾಂತ್’ ಅಂಗಡಿಗಳಲ್ಲಿ ಬಳಸಿದ, ಇನ್ನೂ ಚೆನ್ನಾಗಿರುವ ಸ್ಕಾರ್ಫ್‌ಗಳು ಕಡಿಮೆಗೆ ಸಿಗುತ್ತವೆ.

ಕೊಳ್ಳುವ ಮುಂಚೆ ಅಂಚು ಮುಟ್ಟಿ ನೋಡಿ. ಅದನ್ನು ಕೈಯಲ್ಲೇ ಸುರುಳಿ ಸುತ್ತಿ ಹೊಲಿದಿರುತ್ತಾರೆ. ಸುರುಳಿ ಚಿತ್ರವಿರುವ ಬದಿಗೆ ತಿರುಗಿರುತ್ತದೆ, ಬೆರಳಿಗೆ ಉಬ್ಬಾಗಿ ಸಿಗುತ್ತದೆ. ಮೆಷಿನ್ ಹೊಲಿಗೆ ಕಂಡರೆ ಅನುಮಾನ ಪಡಿ. ಅಂಚಿನ ಮೇಲೆ ಇಸ್ತ್ರಿ ಮಾತ್ರ ಹಾಕಬೇಡಿ, ಚಪ್ಪಟೆಯಾದರೆ ಅಂದವೇ ಹೋಯಿತು!

ಹೊಸದನ್ನೇ ಕೊಂಡು ಬಿಲ್ 100 ಯೂರೋ ದಾಟಿದರೆ ತೆರಿಗೆ ವಾಪಸಿನ ಫಾರಂ ಕೇಳಿ. ಬಣ್ಣದ ವಿಷಯಕ್ಕೆ ಬಂದರೆ, ಅಮ್ಮನೋ ಅಕ್ಕನೋ ಜಾಸ್ತಿ ಉಡುವ ಸೀರೆ ನೆನಪಿಸಿಕೊಳ್ಳಿ.