ದೊಡ್ಡ ಜಾತಿ ಮರಿಗೆ ಊಟ: ನಮ್ಮ ಕರಿಯನಿಗೆ ನಾನು ಮಾಡಿದ್ದು

ಲ್ಯಾಬ್ರಡಾರ್ ಮರಿ ತಂದವ್ರು ಮೊದ್ಲು ಕೇಳೋದೇ ಯಾವ ಬ್ರ್ಯಾಂಡ್ ಹಾಕ್ತೀರಾ ಅಂತ. ಬ್ರ್ಯಾಂಡ್ ಹೆಸ್ರು ಹೇಳಿ ಉಪಯೋಗ ಇಲ್ಲ, ಒಂದೇ ಕಂಪನಿಯಲ್ಲೇ ಹತ್ತಾರು ಥರ ಪ್ಯಾಕೆಟ್ ಬರುತ್ತೆ. ನಮ್ಮ ಲ್ಯಾಬ್ ಮರಿ ಕರಿಯನಿಗೆ ಏನು ನೋಡಿ ಆರಿಸಿದೆ, ಎಷ್ಟು ಹಾಕ್ದೆ, ಏನು ಹಾಕ್ಲೇ ಇಲ್ಲ ಅಂತ ಬರೀತೀನಿ. ಲ್ಯಾಬ್, ಗೋಲ್ಡನ್, ಜರ್ಮನ್ ಶೆಫರ್ಡ್, ರಾಟ್‌ವೀಲರ್ ಈ ಥರ ದೊಡ್ಡದಾಗಿ ಬೆಳೆಯೋ ಮರಿ ಸಾಕ್ತಿರೋರಿಗೆ ಇದು ಹೊಂದುತ್ತೆ, ಪೊಮೆರೇನಿಯನ್ ಥರ ಚಿಕ್ಕವಕ್ಕೆ ಲೆಕ್ಕ ಸ್ವಲ್ಪ ಬೇರೆ.

ತಂದ ಮೊದಲ ವಾರ ಅದು ಹುಟ್ಟಿದ ಮನೇಲಿ ಏನು ತಿಂತಿತ್ತೋ ಅದನ್ನೇ ಕೊಟ್ಟೆ. ತಾಯಿ ಬಿಟ್ಟು ಬಂದಿರುತ್ತೆ, ಜಾಗ ಹೊಸದು, ಅದರ ಮೇಲೆ ಊಟಾನೂ ಬದಲಾಯಿಸಿದ್ರೆ ಭೇದಿ ಗ್ಯಾರಂಟಿ. ಆಮೇಲೆ ಹಳೇದರಲ್ಲಿ ಕಾಲು ಭಾಗ ಹೊಸದು, ಎರಡ್ಮೂರು ದಿನ ಬಿಟ್ಟು ಅರ್ಧ, ಮತ್ತೆ ಮುಕ್ಕಾಲು, ಹೀಗೆ 7 ರಿಂದ 10 ದಿನದಲ್ಲಿ ಪೂರ್ತಿ ಬದಲಾಯಿಸಿದೆ. ಕಕ್ಕ ಗಟ್ಟಿಯಾಗಿ, ಎತ್ತಿದ್ರೆ ನೆಲಕ್ಕೆ ಅಂಟದ ಹಾಗೆ ಇದ್ರೆ ಮಾತ್ರ ಮುಂದಿನ ಹಂತ, ತೆಳ್ಳಗಾದ್ರೆ ಅಲ್ಲೇ ನಿಲ್ಲಿಸ್ತಿದ್ದೆ.

ಪ್ಯಾಕೆಟ್ ಮುಂದಿರೋ ಚಿತ್ರ ಬಿಟ್ಟು ಹಿಂದೆ ತಿರುಗಿಸಿ ನೋಡಿ. ನಾನು ನೋಡಿದ್ದು ಮೂರು ವಿಷಯ. ಒಂದು, ಬೆಳೆಯೋ ಮರಿಗೆ ಅಂತ ಇರ್ಬೇಕು, ಅದ್ರಲ್ಲೂ ಲಾರ್ಜ್ ಬ್ರೀಡ್ ಪಪ್ಪಿ ಅಂತ ಇರ್ಬೇಕು, ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’ ಅಂತ ಬರೆದಿರ್ಬೇಕು. ಎರಡು, ಪ್ರೋಟೀನು, ಅಮೆರಿಕದ ಆಫ್ಕೋ (AAFCO, ಪ್ರಾಣಿ ಆಹಾರಕ್ಕೆ ಮಟ್ಟ ಗೊತ್ತು ಮಾಡೋ ಸಂಸ್ಥೆ) ಮಟ್ಟದ ಪ್ರಕಾರ ನೀರಿನಂಶ ಕಳೆದು ಕನಿಷ್ಠ 22.5 ಪರ್ಸೆಂಟ್. ಮೂರನೇದು ಕ್ಯಾಲ್ಸಿಯಂ, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನಮ್ಮ ಕಡೆ ಜಾಸ್ತಿ ಮರಿಗಳ ಕಾಲು ಹಾಳಾಗೋದು ಇಲ್ಲೇ ಅಂತ ನನಗನ್ಸುತ್ತೆ.

ಮರಿ ತಗೊಂಡ್ ಹೋದ ದಿನಾನೇ ಅಂಗಡಿಯವ್ರು ಒಂದು ಕ್ಯಾಲ್ಸಿಯಂ ಸಿರಪ್ ಬಾಟ್ಲಿ ಕೈಗಿಡ್ತಾರೆ, ಮೂಳೆ ಗಟ್ಟಿಯಾಗ್ಲಿ ಮೇಡಂ ಅಂತ. ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ಬೆಳೆದ ನಾಯಿಗೆ ಬೇಡವಾದ ಕ್ಯಾಲ್ಸಿಯಂ ಹೀರ್ಕೊಳ್ಳದೆ ಬಿಡೋ ಶಕ್ತಿ ಇರುತ್ತೆ, ಎಳೇ ಮರಿ ಕರುಳಿಗೆ, ಸುಮಾರು ಆರು ತಿಂಗಳ ತನಕ, ಅದು ಸರಿಯಾಗಿ ಬಂದಿರಲ್ಲ, ಜಾಸ್ತಿ ಹಾಕಿದ್ರೆ ಜಾಸ್ತೀನೇ ಒಳಗೆ ತಗೊಂಡು ಬಿಡುತ್ತೆ. ಜಾಸ್ತಿ ಆದ್ರೆ ಮೂಳೆ, ಕೀಲು ಬೆಳೆಯೋ ರೀತಿಯೇ ಕೆಡುತ್ತೆ. ಅದಕ್ಕೇ ದೊಡ್ಡ ಜಾತಿ ಮರಿ ಆಹಾರದಲ್ಲಿ ಕ್ಯಾಲ್ಸಿಯಂ 1.8 ಪರ್ಸೆಂಟ್ ದಾಟಬಾರ್ದು ಅಂತ ಮಿತಿ ಇದೆ, ಕನಿಷ್ಠ 1.2. ಪಪ್ಪಿ ಫುಡ್ಡಲ್ಲಿ ಅಷ್ಟು ಆಗ್ಲೇ ಇರುತ್ತೆ, ಅದರ ಮೇಲೆ ಸಿರಪ್ ಸುರಿಯೋದು ಬೇಡವೇ ಬೇಡ. ನಾನು ನಮ್ಮ ಡಾಕ್ಟರ್‌ಗೆ ಕೇಳಿ ಆ ಬಾಟ್ಲಿ ಓಪನ್ನೇ ಮಾಡ್ಲಿಲ್ಲ.

ಇದಕ್ಕೆ ತಿರುಗುಮುರುಗು ಇನ್ನೊಂದು ಇದೆ, ಬರೀ ಚಿಕನ್ನು ಅನ್ನ ಹಾಕಿ ಬೆಳೆಸೋದು. ಮನೆ ಊಟ, ಫ್ರೆಶ್ಶು, ಒಳ್ಳೇದೇ ಅಲ್ವಾ ಅಂತಾರೆ. ಮೂಳೆ ಇಲ್ಲದ ಮಾಂಸದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ಇಲ್ಲ ಅನ್ನೋಷ್ಟು ಕಮ್ಮಿ. ಎರಡೂ ಹತ್ತತ್ರ ಸಮ ಇರ್ಬೇಕು, ಕ್ಯಾಲ್ಸಿಯಂ ಸ್ವಲ್ಪ ಹೆಚ್ಚಿದ್ರೆ ಸರಿ. ಊಟದಲ್ಲಿ ಸಿಗದಿದ್ರೆ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯೋಕೆ ಶುರು ಮಾಡುತ್ತೆ, ಮರಿ ನೋಡೋಕೆ ದುಂಡುದುಂಡಾಗಿರುತ್ತೆ ಆದ್ರೆ ಕಾಲು ಬಾಗುತ್ತೆ, ಕುಂಟುತ್ತೆ. ರಾಗಿ ಮುದ್ದೆ ಮೊಸ್ರು ಹಾಕಿ ಸಾಕ್ತೀವಿ ಅನ್ನೋರಿಗೂ ಇದೇ ಮಾತು, ರಾಗೀಲಿ ಕ್ಯಾಲ್ಸಿಯಂ ಇದೆ ನಿಜ, ಆದ್ರೆ ಬೆಳೆಯೋ ಮರಿಗೆ ಬೇಕಾದ ಪ್ರೋಟೀನು, ಕೊಬ್ಬು ಅಷ್ಟರಲ್ಲಿ ಸಿಗಲ್ಲ. ಪೂರ್ತಿ ಮನೆ ಅಡುಗೇಲೇ ಬೆಳೆಸ್ಬೇಕು ಅಂತಿದ್ರೆ ವೆಟ್ ಹತ್ರ ಅಳತೆ ಸಮೇತ ಬರೆಸ್ಕೊಂಡು ಮಾಡಿ, ಅಂದಾಜಲ್ಲಿ ಬೇಡ.

ಇನ್ನು ಎಷ್ಟು ಹಾಕೋದು. ಎಂಟು ವಾರದ ಲ್ಯಾಬ್ ಮರಿ 5 ಕೆಜಿ ಇದ್ರೆ ದಿನಕ್ಕೆ ಸುಮಾರು 700 ಕ್ಯಾಲೊರಿ ಬೇಕು. ನಾನು ತಂದಿದ್ದರಲ್ಲಿ 100 ಗ್ರಾಮಿಗೆ 370 ಕ್ಯಾಲೊರಿ ಇತ್ತು, ಅಂದ್ರೆ 190 ಗ್ರಾಂ, ನಾಲ್ಕು ಹೊತ್ತಿಗೆ ಹಂಚಿದ್ರೆ ಒಂದು ಸಲಕ್ಕೆ 47 ಗ್ರಾಂ. ಅಡುಗೆ ಮನೆ ತಕ್ಕಡೀಲಿ ತೂಗಿ, ಉಗುರು ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ ಇಡ್ತಿದ್ದೆ. ನಾಲ್ಕು ತಿಂಗಳ ತನಕ ನಾಲ್ಕು ಹೊತ್ತು, ಆರು ತಿಂಗಳ ತನಕ ಮೂರು, ಆಮೇಲೆ ಎರಡು. ನಾಲ್ಕು ತಿಂಗಳಾದ ಮೇಲೆ ತೂಕಕ್ಕೆ ಹೋಲಿಸಿದ್ರೆ ಬೇಕಾಗೋದು ಕಮ್ಮಿ ಆಗುತ್ತೆ, 15 ಕೆಜಿ ಆದಾಗ ತೂಕ ಮೂರು ಪಟ್ಟು ಅಂತ 2,100 ಅಲ್ಲ, 1,070 ಕ್ಯಾಲೊರಿ ಹತ್ತಿರ ಸಾಕು. ಪ್ಯಾಕೆಟ್ ಮೇಲಿನ ಟೇಬಲ್ ಶುರು ಮಾಡೋಕೆ ಅಷ್ಟೇ, ಆಮೇಲೆ ಮರಿ ಮೈ ನೋಡಿ ಹೆಚ್ಚು ಕಮ್ಮಿ ಮಾಡ್ಬೇಕು.

ಮೈ ನೋಡೋದು ಅಂದ್ರೆ ಕಣ್ಣಲ್ಲಲ್ಲ, ಕೈಯಲ್ಲಿ. ನಮ್ಮತ್ತೆ ದಿನಾ ಹೇಳೋರು, ಮರಿ ಸೊರಗಿದೆ ಕಣೇ, ಇನ್ನೊಂಚೂರು ಹಾಕು ಪಾಪ ಅಂತ. ಒಂದಿನ ಅವ್ರ ಕೈ ಹಿಡಿದು ಕರಿಯನ ಪಕ್ಕೆ ಮೇಲೆ ಇಡ್ಸಿದೆ, ಇಲ್ಲಿ ಮುಟ್ಟಿ ನೋಡಿ ಅತ್ತೆ, ಒತ್ತಬೇಡಿ, ಸುಮ್ನೆ ಸವರಿ. ಪಕ್ಕೆಲುಬು ಒಂದೊಂದೂ ಬೆರಳಿಗೆ ಸಿಗ್ತಿತ್ತು, ಆದ್ರೆ ಮೇಲೆ ತೆಳುವಾಗಿ ಮಾಂಸ ಇತ್ತು, ಅಂಗೈ ಬಿಡಿಸಿ ಇನ್ನೊಂದು ಕೈಯಿಂದ ಹಿಂಗೈ ಸವರಿದ ಹಾಗೆ. ಮೇಲಿಂದ ನೋಡಿದ್ರೆ ಸೊಂಟ ಒಳಗೆ ಹೋಗಿರ್ಬೇಕು, ಪಕ್ಕದಿಂದ ನೋಡಿದ್ರೆ ಹೊಟ್ಟೆ ಹಿಂದಕ್ಕೆ ಏರಿರ್ಬೇಕು. ಒತ್ತಿದ್ರೂ ಎಲುಬು ಸಿಗದಿದ್ರೆ ಊಟ ಜಾಸ್ತಿ ಆಗಿದೆ ಅಂತ ಲೆಕ್ಕ. ಆವತ್ತಿಂದ ವಾರಕ್ಕೊಂದ್ಸಲ ಅತ್ತೇನೇ ಸವರಿ ನೋಡಿ ನನಗೆ ರಿಪೋರ್ಟ್ ಕೊಡೋರು.

ಲ್ಯಾಬ್ ಮರಿ ತಟ್ಟೆ ನೆಕ್ಕಿ ಮತ್ತೆ ಮುಖ ನೋಡುತ್ತೆ, ಕರುಳು ಚುರುಕ್ ಅನ್ನುತ್ತೆ, ಆದ್ರೂ ಹಾಕ್ಬೇಡಿ. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 48 ಲ್ಯಾಬ್ರಡಾರ್‌ಗಳನ್ನ ಮರಿಯಿಂದ ಕೊನೆ ತನಕ ನೋಡಿದ್ರು, ಎರಡೆರಡು ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ 25 ಪರ್ಸೆಂಟ್ ಕಮ್ಮಿ ಊಟ. ಕಮ್ಮಿ ತಿಂದವು ಬದುಕಿದ ಮಧ್ಯಮ ಆಯಸ್ಸು 13 ವರ್ಷ, ಜಾಸ್ತಿ ತಿಂದವು 11.2. ಕೀಲು ನೋವೂ ಕಮ್ಮಿ ತಿಂದವಕ್ಕೆ ತಡವಾಗಿ ಬಂತು. ಸುಮಾರು ಎರಡು ವರ್ಷ ಜಾಸ್ತಿ ನಮ್ಮ ಜೊತೆ ಇರುತ್ತೆ ಅಂದ್ರೆ ಅದಕ್ಕಿಂತ ದೊಡ್ಡ ಪ್ರೀತಿ ಯಾವ್ದು ಹೇಳಿ.

ತಿಂಡಿ, ಟ್ರೈನಿಂಗ್ ಟ್ರೀಟು ಎಲ್ಲಾ ಸೇರಿ ದಿನದ ಕ್ಯಾಲೊರಿಯಲ್ಲಿ ಹತ್ತನೇ ಒಂದು ಭಾಗ ಮೀರದ ಹಾಗೆ ನೋಡ್ಕೊಂಡೆ, ಬೇಯಿಸಿದ ಮೊಟ್ಟೆ, ಸಿಹಿಗುಂಬಳ, ಕ್ಯಾರೆಟ್ಟು, ಒಂದು ಸ್ಪೂನ್ ಮೊಸ್ರು. ಹಾಲು ಕೊಡ್ಲಿಲ್ಲ, ತುಂಬಾ ಮರಿಗಳಿಗೆ ತಾಯಿ ಹಾಲು ಬಿಟ್ಟ ಮೇಲೆ ಲ್ಯಾಕ್ಟೋಸ್ ಅರಗಲ್ಲ. ನಮ್ಮ ಹುಳಿ, ಸಾರು, ಪಲ್ಯ ಯಾವ್ದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ನಾಯಿ ರಕ್ತಕ್ಕೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ, ಚಾಕ್ಲೇಟು, ಬೆಂದ ಕೋಳಿ ಮೂಳೆ ಇವನ್ನ ಕೊಡ್ಲೇಬಾರ್ದು, ಮನೆಗೆ ಬರೋ ನೆಂಟರಿಗೂ ಹೇಳಿ ಇಡಿ, ಕೇಸರಿಬಾತಲ್ಲಿರೋ ಒಣದ್ರಾಕ್ಷಿ ಯಾರಿಗೂ ನೆನಪಾಗಲ್ಲ.

ಇನ್ನೊಂದು, ಪೆಟ್ ಶಾಪಲ್ಲಿ ದೊಡ್ಡ ಚೀಲ ಬಿಚ್ಚಿ ಕೆಜಿ ಲೆಕ್ಕದಲ್ಲಿ ಕವರಿಗೆ ಹಾಕಿ ಕೊಡ್ತಾರಲ್ಲ, ಅಗ್ಗ ಅಂತ ಅದನ್ನ ತರಬೇಡಿ. ಗಾಳಿ ತಾಗಿ ಕೊಬ್ಬು ಕಮಟು ಹಿಡಿಯುತ್ತೆ, ಡೇಟೂ ಗೊತ್ತಾಗಲ್ಲ. ಒಂದು ತಿಂಗಳಿಗೆ ಮುಗಿಯೋಷ್ಟು ಸೀಲ್ ಇರೋ ಪ್ಯಾಕೆಟ್ ತಂದು, ಅದೇ ಪ್ಯಾಕೆಟ್ ಸಮೇತ ಡಬ್ಬಿಯೊಳಗೆ ಇಡಿ. ಬೆಳೆದ ನಾಯಿ ಫುಡ್ಡಿಗೆ ಬದಲಾಯಿಸೋದು ಲ್ಯಾಬಿಗೆ 12 ರಿಂದ 15 ತಿಂಗಳ ಹೊತ್ತಿಗೆ, ಆಗ್ಲೂ ಅದೇ ಕಾಲು, ಅರ್ಧ, ಮುಕ್ಕಾಲು ಲೆಕ್ಕವೇ.