ಒಳಗೆ ಬಂದ ಗಾಳಿಗೆ ಹೊರಗೆ ಹೋಗಲು ದಾರಿ ಕೊಡಿ
ಮಾರ್ಚ್ ಬಂತೆಂದರೆ ಮಂಗಳೂರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಎಂತ ಸೆಖೆ ಮಾರಾಯ್ರೆ! ಕಿಟಕಿ ತೆರೆದಿದ್ದೇವೆ, ಆದರೂ ಗಾಳಿ ಬರ್ತಿಲ್ಲ ಅಂತಾರೆ. ಹೊರಗೆ ಹೋಗಲು ದಾರಿ ಇಲ್ಲದ ಕೋಣೆಗೆ ಗಾಳಿ ಬರುವುದಾದರೂ ಹೇಗೆ?

ಮೊದಲು ಒಂದು ಊದುಬತ್ತಿ ಹಚ್ಚಿ. ಮಧ್ಯಾಹ್ನದ ಹೊತ್ತು ಫ್ಯಾನ್ ಆಫ್ ಮಾಡಿ, ಪಡು (ಪಶ್ಚಿಮ) ಬದಿಯ ಕಿಟಕಿಯ ಹತ್ತಿರ ಹಿಡಿದು ನೋಡಿ. ಹೊಗೆ ನೆಟ್ಟಗೆ ಮೇಲೆ ಹೋದರೆ ಅಲ್ಲಿ ಗಾಳಿ ನಿಂತಿದೆ ಎಂದರ್ಥ. ಈಗ ನಡುವಿನ ಬಾಗಿಲು, ಮೂಡು (ಪೂರ್ವ) ಬದಿಯ ಕಿಟಕಿ ಎರಡನ್ನೂ ಪೂರ್ತಿ ತೆರೆದು ಇನ್ನೊಮ್ಮೆ ಹಿಡಿಯಿರಿ. ಹೊಗೆ ಒಳಗೆ ಬಾಗಿತು ಅಲ್ವಾ? ನಿಮ್ಮ ಮನೆಯ ಗಾಳಿದಾರಿ ಅದೇ. ಆ ದಾರಿಗೆ ಅಡ್ಡ ಇರುವ ಕಪಾಟು, ದಪ್ಪ ಪರದೆ ಎಲ್ಲಾ ಸರಿಸಿ.

ಬೇಸಿಗೆಯಲ್ಲಿ ಹಗಲು ಹೊತ್ತು ಗಾಳಿ ಕಡಲಿಂದ ಬರುತ್ತದೆ, ರಾತ್ರಿ ನೆಲ ಬೇಗ ತಣಿಯುವುದರಿಂದ ಮೂಡಿನಿಂದ ಕಡಲ ಕಡೆಗೆ ಹೋಗುತ್ತದೆ. ಹಾಗಾಗಿ ಮಲಗುವ ಮುಂಚೆ ಎರಡೂ ಬದಿ ತೆರೆದಿಡಿ. ಸೊಳ್ಳೆ ಬಲೆ ಬೇಕೇ ಬೇಕು, ಆದರೆ ಧೂಳು ಕೂತ ಬಲೆ ಗಾಳಿಯನ್ನು ತುಂಬಾ ತಡೆಯುತ್ತದೆ, ಆಗಾಗ ತೊಳೆಯಿರಿ. ಹೊಸ ಮನೆ ಕಟ್ಟುವವರಿಗೆ ನನ್ನ ಮಾತು: ಸ್ಲೈಡಿಂಗ್ ಕಿಟಕಿ ಬೇಡ. ಎಷ್ಟು ಸರಿಸಿದರೂ ಸಾಮಾನ್ಯವಾಗಿ ಅರ್ಧವೇ ತೆರೆಯುವುದು.

ಇನ್ನು ಮನೆಯ ಮಾಡು, ಅಂದರೆ ಛಾವಣಿಯ ವಿಷಯ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಹಂಚಿನ ಉದ್ಯಮದಿಂದ ನಮಗೆ ಸಿಕ್ಕಿದ್ದು ಬರೀ ಕೆಂಪು ಚಂದ ಅಲ್ಲ. ಬಿಸಿ ಗಾಳಿ ಮೇಲೇರಿ ಹಂಚುಗಳ ಸಂದಿನಿಂದ ತಾನಾಗಿಯೇ ಹೊರಗೆ ಹೋಗುತ್ತದೆ. ತಾರಸಿ ಮನೆಯಲ್ಲಿ ಆ ಸಂದು ಇಲ್ಲ, ಸ್ಲ್ಯಾಬ್ ಹಗಲಿಡೀ ಬಿಸಿಲು ಕುಡಿದು ರಾತ್ರಿ ಬಿಸಿ ಉಗುಳುತ್ತದೆ. ಅದಕ್ಕೇ ಸೀಲಿಂಗ್‌ಗೆ ಹತ್ತಿರ, ಗೋಡೆಯಲ್ಲಿ ಎತ್ತರಕ್ಕೆ ಗಾಳಿ ಹೋಗುವ ತೂತುಗಳ ಜಾಲಿ ಇಡಿಸಿ. ತಾರಸಿ ಮೇಲೆ ಶೀಟ್ ಹಾಕಿಸುವುದಾದರೆ ಸುತ್ತ ಮುಚ್ಚಬೇಡಿ, ಮುಚ್ಚಿದರೆ ಬಿಸಿ ಅಲ್ಲೇ ಕೂತುಬಿಡುತ್ತದೆ.

ಮಳೆಗಾಲದಲ್ಲಿ ಪಡು, ತೆಂಕು (ದಕ್ಷಿಣ) ಬದಿಯಿಂದ ಎರಚಲು ಹೊಡೆಯುತ್ತದೆ, ಆ ಕಿಟಕಿ ಮುಚ್ಚಲೇಬೇಕು. ಆದರೆ ಸುಮ್ನೆ ಎಲ್ಲವನ್ನೂ ಮುಚ್ಚಿ, ಒಳಗೇ ಬಟ್ಟೆ ಒಣಹಾಕಿದರೆ ಗೋಡೆಗೆ ಬೂಷ್ಟು ಗ್ಯಾರಂಟಿ. ಮೂಡು, ಬಡಗು (ಉತ್ತರ) ಬದಿಯದ್ದು ಸ್ವಲ್ಪ ತೆರೆದಿರಲಿ, ಬಚ್ಚಲಲ್ಲಿ ಎಕ್ಸಾಸ್ಟ್ ಫ್ಯಾನ್ ಸ್ನಾನ ಆದ ಮೇಲೂ ಸ್ವಲ್ಪ ಹೊತ್ತು ತಿರುಗಲಿ. ಕಪಾಟನ್ನು ಗೋಡೆಗೆ ಒತ್ತಿ ಇಡಬೇಡಿ, ಹಿಂದೆ ನಾಲ್ಕು ಬೆರಳು ಜಾಗ ಬಿಡಿ.