ಬಿಲ್ಲಿಗಿಂತ ಮೊದಲು ಹಲ್ಲು: ದಂತವೈದ್ಯರನ್ನು ನಾನು ಆರಿಸಿಕೊಂಡ ಬಗೆ

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರಿಗೆ ತಮ್ಮ ಹಲ್ಲು ತಮಗೇ ಕಾಣುವುದಿಲ್ಲ. ಹುಳುಕಾಗಿದೆ ಅಂದರೆ ತಲೆಯಾಡಿಸಬೇಕು, ಬೇರಿನೊಳಗಿನ ನಾಳಗಳನ್ನು ಸ್ವಚ್ಛ ಮಾಡಿ ಮುಚ್ಚುವ ರೂಟ್ ಕೆನಾಲ್ ಬೇಕು ಅಂದರೂ ತಲೆಯಾಡಿಸಬೇಕು. ಆಮೇಲೆ ಹೊರಗೆ ಬಂದು, ಹೇಳಿದ ಮೊತ್ತ ಜಾಸ್ತಿಯೋ ಕಮ್ಮಿಯೋ ಅಂತ ಲೆಕ್ಕ ಹಾಕುತ್ತೇವೆ. ಎಡಗಡೆಯ ಕೆಳ ದವಡೆ ಹಲ್ಲು ನೋಯತೊಡಗಿದಾಗ ನಾನು ಆ ಲೆಕ್ಕವನ್ನು ಪಕ್ಕಕ್ಕಿಟ್ಟೆ. ಈ ಕೆಲಸ ನಿಜವಾಗಿ ಬೇಕಾ ಅನ್ನುವುದನ್ನು ಮೊದಲು ತಿಳಿದುಕೊಳ್ಳೋಣ, ದುಡ್ಡಿನ ಮಾತು ಆಮೇಲೆ ಅಂದುಕೊಂಡೆ. ಬೇಡದ ಕೆಲಸ ಎಷ್ಟೇ ಅಗ್ಗವಾಗಿ ಸಿಕ್ಕರೂ ದುಬಾರಿಯೇ. ಕೊರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ ಅಲ್ವಾ?

ಮೊದಲು ಗೊತ್ತಿದ್ದವರನ್ನು ಕೇಳಿದೆ. 'ಒಳ್ಳೆ ಡಾಕ್ಟರು ಯಾರಿದ್ದಾರೆ' ಅಂತ ಕೇಳಿದರೆ ಎಲ್ಲರೂ ತಮ್ಮ ಡಾಕ್ಟರ ಹೆಸರನ್ನೇ ಹೇಳುತ್ತಾರೆ. ನಯವಾಗಿ ಮಾತಾಡಿಸುತ್ತಾರೆ, ನೋವೇ ಆಗಲಿಲ್ಲ ಅನ್ನುತ್ತಾರೆ. ಅದೂ ಬೇಕು, ಆದರೆ ಅದರಿಂದ ಕೆಲಸದ ಗುಣ ಗೊತ್ತಾಗುವುದಿಲ್ಲ. ಹಾಗಾಗಿ ನನ್ನ ಪ್ರಶ್ನೆ ಬೇರೆ ಇತ್ತು: 'ಯಾವ ಹಲ್ಲಿಗೆ ಏನು ಮಾಡಿಸಿದಿರಿ? ಎಷ್ಟು ವರ್ಷ ಆಯ್ತು? ಈಗ ಹೇಗಿದೆ?' ಹೋದ ತಿಂಗಳು ಹಾಕಿಸಿದ ಕ್ಯಾಪ್ ಎಲ್ಲರದ್ದೂ ಚೆನ್ನಾಗಿರುತ್ತದೆ. ಐದಾರು ವರ್ಷ ಅದೇ ಹಲ್ಲಲ್ಲಿ ಅಗಿದು ತಿಂದವರ ಮಾತಿಗೇ ತೂಕ. ಇನ್ನೊಂದನ್ನೂ ಕೇಳುತ್ತಿದ್ದೆ: 'ಇದೀಗ ಏನೂ ಮಾಡೋದು ಬೇಡ, ಬಿಡಿ ಅಂತ ಆ ಡಾಕ್ಟರು ಯಾವತ್ತಾದರೂ ಹೇಳಿದ್ದಾರಾ?' ಹೌದು ಅಂದವರ ಡಾಕ್ಟರ ಹೆಸರನ್ನು ಬರೆದಿಟ್ಟುಕೊಂಡೆ.

ಆದರೆ ನಾನು ಮೊದಲು ಹೋಗಿದ್ದು ಹತ್ತಿರದಲ್ಲೇ ಇದ್ದ ಒಂದು ಕ್ಲಿನಿಕ್‌ಗೆ. ನೋವಿತ್ತು, ಬೇಗ ಸಮಯ ಕೊಟ್ಟರು. ಅಲ್ಲಿ ಇಡೀ ದವಡೆ ಕಾಣುವ ದೊಡ್ಡ ಎಕ್ಸ್‌ರೇ ತೆಗೆದರು. ಸ್ವಲ್ಪ ಹೊತ್ತಿಗೆ ಒಂದು ಹಾಳೆ ಕೈಗೆ ಬಂತು. ಎರಡು ರೂಟ್ ಕೆನಾಲ್, ಎರಡು ಕ್ಯಾಪ್, ಒಂದಷ್ಟು ಫಿಲ್ಲಿಂಗ್, ಕ್ಲೀನಿಂಗ್, ಎಲ್ಲ ಸೇರಿಸಿ ಕೆಳಗೆ ಒಂದೇ ಮೊತ್ತ. ಇವತ್ತೇ ಒಪ್ಪಿಕೊಂಡರೆ ರಿಯಾಯಿತಿ ಅಂತ ಕೌಂಟರ್‌ನಲ್ಲಿ ಹೇಳಿದರು. ಯಾವ ಹಲ್ಲಿಗೆ ಏನು ಅಂತ ಆ ಹಾಳೆಯಲ್ಲಿ ಇರಲಿಲ್ಲ. ಹಲ್ಲಿನ ನಂಬರ್ ಸಮೇತ ಬರೆದುಕೊಡಿ, ಎಕ್ಸ್‌ರೇ ಪ್ರತಿಯನ್ನೂ ಕೊಡಿ ಅಂತ ಕೇಳಿದೆ. ಸ್ವಲ್ಪ ಮುಖ ಸಣ್ಣದು ಮಾಡಿದರೂ ಕೊಟ್ಟರು.

ಈ ನಂಬರ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಅದೇ. ಪ್ರಪಂಚದ ಬಹಳ ಕಡೆ ದಂತವೈದ್ಯರು ಪ್ರತಿ ಹಲ್ಲಿಗೆ ಎರಡು ಅಂಕಿಯ ನಂಬರ್ ಬಳಸುತ್ತಾರೆ. ಮೊದಲ ಅಂಕಿ ಬಾಯಿಯ ಯಾವ ಕಾಲು ಭಾಗ ಅನ್ನುವುದಕ್ಕೆ: ಮೇಲೆ ನಮ್ಮ ಬಲಕ್ಕೆ 1, ಮೇಲೆ ಎಡಕ್ಕೆ 2, ಕೆಳಗೆ ಎಡಕ್ಕೆ 3, ಕೆಳಗೆ ಬಲಕ್ಕೆ 4. ಎರಡನೇ ಅಂಕಿ ಮಧ್ಯದಿಂದ ಹಿಂದಕ್ಕೆ ಎಷ್ಟನೆಯದು ಅನ್ನುವುದಕ್ಕೆ. ಕೋರೆಹಲ್ಲು 3, ಬುದ್ಧಿಹಲ್ಲು 8. ನೋಯುತ್ತಿದ್ದ ನನ್ನ ಹಲ್ಲು ಕೆಳಗೆ ಎಡಕ್ಕೆ, ಮಧ್ಯದಿಂದ ಆರನೆಯದು, ಹಾಗಾಗಿ 36. ಇಷ್ಟು ಗೊತ್ತಿದ್ದರೆ ಎರಡು ಕ್ಲಿನಿಕ್‌ಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಇಲ್ಲದಿದ್ದರೆ ಬರೀ ಎರಡು ಮೊತ್ತಗಳನ್ನು ಹೋಲಿಸಿದ ಹಾಗಾಗುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ.

ಬರೆದಿಟ್ಟುಕೊಂಡಿದ್ದ ಹೆಸರುಗಳಲ್ಲಿ ಒಬ್ಬರ ಹತ್ತಿರ ಎರಡನೇ ಅಭಿಪ್ರಾಯಕ್ಕೆ ಹೋದಾಗ ಮೊದಲ ಪಟ್ಟಿಯನ್ನು ಚೀಲದಲ್ಲೇ ಇಟ್ಟುಕೊಂಡಿದ್ದೆ. ಎಕ್ಸ್‌ರೇ ಮಾತ್ರ ಕೊಟ್ಟೆ. ಅವರು ಅಷ್ಟು ಹೇಳಿದರು, ನೀವೇನಂತೀರಿ ಅಂತ ಕೇಳಿದರೆ ಉತ್ತರ ಆ ಕಡೆಗೋ ಈ ಕಡೆಗೋ ವಾಲುತ್ತದೆ. ಸುಮ್ನೆ 'ಎಡಗಡೆ ಕೆಳಗೆ ನೋವು, ಇಡೀ ಬಾಯಿ ನೋಡಿ ಹೇಳಿ' ಅಂದೆ.

ಈ ಡಾಕ್ಟರು ಎಕ್ಸ್‌ರೇ ನೋಡುವ ಮೊದಲು ನನ್ನನ್ನೇ ಕೇಳಿದರು. ನೋವು ಯಾವಾಗ ಬರುತ್ತದೆ? ಬಿಸಿಗೋ ತಣ್ಣಗಿನದಕ್ಕೋ? ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದಾ? ಆಮೇಲೆ ಹತ್ತಿಯ ಸಣ್ಣ ಉಂಡೆಗೆ ತಣ್ಣಗಿನ ಸ್ಪ್ರೇ ಹೊಡೆದು, ಮೊದಲು ಚೆನ್ನಾಗಿರುವ ಹಲ್ಲಿಗೆ ಒತ್ತಿದರು. ಜುಮ್ ಅಂತು, ಹತ್ತಿ ತೆಗೆದ ಕೂಡಲೇ ಹೋಯಿತು. ನಂತರ 36ಕ್ಕೆ ಒತ್ತಿದರು. ಹತ್ತಿ ತೆಗೆದ ಮೇಲೂ ನೋವು ಹೋಗಲಿಲ್ಲ, ಕಿವಿಯವರೆಗೆ ಎಳೆಯುತ್ತಾ ನಿಂತಿತು. ಹಲ್ಲಿನ ಒಳಗಿರುವ ನರ ಮತ್ತು ರಕ್ತನಾಳದ ತಿರುಳು ಸುಧಾರಿಸಿಕೊಳ್ಳುವ ಹಾಗಿದ್ದರೆ ನೋವು ಬಂದಷ್ಟೇ ಬೇಗ ಹೋಗುತ್ತದೆ. ಹೀಗೆ ನಿಂತುಬಿಟ್ಟರೆ ಅದು ಉಳಿಯುವುದು ಕಷ್ಟ, ಬರೀ ಫಿಲ್ಲಿಂಗ್ ಸಾಲದು, ರೂಟ್ ಕೆನಾಲ್ ಬೇಕು, ಅಂತ ವಿವರಿಸಿದರು. ಕನ್ನಡಿಯ ಹಿಡಿಯಿಂದ ಹಲ್ಲುಗಳನ್ನು ಒಂದೊಂದಾಗಿ ತಟ್ಟಿ ನೋಡಿದರು. ದೊಡ್ಡ ಎಕ್ಸ್‌ರೇಯಲ್ಲಿ ಒಟ್ಟು ನೋಟ ಸಿಗುತ್ತದೆ, ಸಣ್ಣ ಹುಳುಕು ಅದರಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ ಅಂತ, ಆ ಹಲ್ಲಿನ ಬೇರಿನ ತುದಿ ಕಾಣುವ ಒಂದು ಚಿಕ್ಕ ಎಕ್ಸ್‌ರೇ, ಹಲ್ಲುಗಳ ಸಂದಿ ಕಾಣುವ ಇನ್ನೊಂದು ತೆಗೆದರು. ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು.

ಪಟ್ಟಿಗಳನ್ನು ಹೋಲಿಸಿದಾಗ 36 ಎರಡರಲ್ಲೂ ಇತ್ತು. ಅದು ಖಾತ್ರಿಯಾಯಿತು. ರೂಟ್ ಕೆನಾಲ್ ಅಂದಿದ್ದ ಇನ್ನೊಂದು ಹಲ್ಲಿಗೆ ತಣ್ಣಗಿನ ಪರೀಕ್ಷೆ ಮಾಡಿದರೆ ಆರೋಗ್ಯವಾಗಿತ್ತು, ಒಂದು ಹಳೇ ಫಿಲ್ಲಿಂಗ್‌ನ ಅಂಚು ಸ್ವಲ್ಪ ಎದ್ದಿತ್ತು, ಅಷ್ಟೇ. ಫಿಲ್ಲಿಂಗ್ ಮಾಡಬೇಕು ಅಂದಿದ್ದ ಕೆಲವು ಹಲ್ಲುಗಳಲ್ಲಿ ಇದ್ದಿದ್ದು ಗೀರುಗಳ ಕಂದು ಕಲೆ. ಗಾಳಿ ಊದಿ ಒಣಗಿಸಿ, ಕನ್ನಡಿಯಲ್ಲಿ ನನಗೂ ತೋರಿಸಿ, ಗಟ್ಟಿಯಾಗಿದೆ, ಬಿಡಿ ಅಂದರು. ಹೊರಗಿನ ಎನಾಮೆಲ್ ಪದರದಲ್ಲಷ್ಟೇ ಶುರುವಾಗಿರುವ, ಇನ್ನೂ ತೂತು ಬೀಳದ ಹುಳುಕು ಫ್ಲೋರೈಡ್‌ನಿಂದ, ಚೆನ್ನಾಗಿ ಉಜ್ಜುವುದರಿಂದ ಅಲ್ಲಿಗೇ ನಿಲ್ಲಬಹುದು. ಒಮ್ಮೆ ಕೊರೆದರೆ ಆ ದಾರಿ ಮುಚ್ಚಿತು. ಫಿಲ್ಲಿಂಗ್‌ಗೂ ಆಯಸ್ಸಿದೆ. ಅದನ್ನು ಬದಲಿಸಿದಾಗಲೆಲ್ಲ ಹಲ್ಲು ಇನ್ನಷ್ಟು ಸವೆಯುತ್ತದೆ.

ಹಾಗಂತ ಕಮ್ಮಿ ಕೆಲಸ ಹೇಳಿದವರೇ ಪ್ರಾಮಾಣಿಕರು ಅಂತ ತೀರ್ಮಾನಿಸಬೇಡಿ. ಮೇಲಿನ ಎಡಗಡೆ 25 ಮತ್ತು 26ರ ಸಂದಿಯಲ್ಲಿ ಹುಳುಕು ಒಳಗಿನ ಡೆಂಟಿನ್ ಪದರ ಮುಟ್ಟಿತ್ತು. ಅದು ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ. ಹೊರಗಿನಿಂದ ಕಾಣುವುದಿಲ್ಲ, ನೋವೂ ಇರಲಿಲ್ಲ, ಸಂದಿಯ ಎಕ್ಸ್‌ರೇ ತೆಗೆದಿದ್ದಕ್ಕೆ ಸಿಕ್ಕಿತು. ನಾನು ನಂಬಿಕೆ ಇಟ್ಟಿದ್ದು ಅವರು ತೋರಿಸಿದ ರೀತಿ ನೋಡಿ. ಪ್ರತಿ ಹಲ್ಲಿಗೂ ಒಂದು ಕಾರಣ, ಆ ಕಾರಣಕ್ಕೆ ನನ್ನ ಕಣ್ಣಿಗೆ ಬೀಳುವ ಒಂದು ಪುರಾವೆ. 'ಮಾಡಿಸದಿದ್ದರೆ ಏನಾಗುತ್ತದೆ, ಆರು ತಿಂಗಳು ಕಾಯಬಹುದಾ' ಅಂತ ಕೇಳಿದಾಗ ಒಂದೊಂದು ಹಲ್ಲಿಗೂ ಬೇರೆ ಬೇರೆ ಉತ್ತರ ಬಂತು. ಎಲ್ಲದಕ್ಕೂ 'ಈಗಲೇ ಮಾಡಿಸಿ' ಅನ್ನುವ ಕಡೆ ನನಗೆ ಅನುಮಾನ ಬರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮುಖ ಊದಿಕೊಂಡು ಜ್ವರ ಬಂದಿದ್ದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾಗುತ್ತಿದ್ದರೆ ಎರಡನೇ ಅಭಿಪ್ರಾಯ ಅಂತ ಅಲೆಯಬೇಡಿ. ಸೋಂಕು ಕುತ್ತಿಗೆಗೆ ಇಳಿಯಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ.

ಈಗ ದುಡ್ಡಿನ ವಿಷಯ. ಏನು ಮಾಡಬೇಕು ಅಂತ ಖಚಿತವಾದ ಮೇಲೆ, ಅದೇ 36ರ ಕೆಲಸಕ್ಕೆ ಬೇರೆ ಬೇರೆ ಕಡೆ ದರ ಕೇಳಿದೆ. ಅಂತರ ದೊಡ್ಡದಿತ್ತು. ಬಿಡಿಸಿ ನೋಡಿದರೆ ಅವರವರು ಹೇಳುತ್ತಿದ್ದ ಕೆಲಸವೇ ಬೇರೆ. ಒಬ್ಬರ ದರದಲ್ಲಿ ನಾಳಗಳನ್ನು ಸ್ವಚ್ಛ ಮಾಡಿ ಮುಚ್ಚುವುದಷ್ಟೇ ಇತ್ತು. ಮೇಲೆ ಹಲ್ಲನ್ನು ಕಟ್ಟುವ ಫಿಲ್ಲಿಂಗ್ ಬೇರೆ, ಕ್ಯಾಪ್ ಬೇರೆ, ಎಕ್ಸ್‌ರೇಗಳೂ ಬೇರೆ. ಇನ್ನೊಬ್ಬರದ್ದರಲ್ಲಿ ಎಲ್ಲ ಸೇರಿತ್ತು. ಹಾಗಾಗಿ ನಾನು ಕೇಳುತ್ತಿದ್ದದ್ದು ಒಂದೇ: 'ಈ ಹಲ್ಲಲ್ಲಿ ನಾನು ಮತ್ತೆ ಅಗಿಯುವ ಹೊತ್ತಿಗೆ ಒಟ್ಟು ಎಷ್ಟಾಗುತ್ತದೆ?' ಹೋದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸುವವರಂತೂ ಇದನ್ನು ಕೇಳಲೇಬೇಕು. ಮೂಳೆಯೊಳಗೆ ಕೂರುವ ಟೈಟಾನಿಯಂ ಸ್ಕ್ರೂ, ಅದರ ಮೇಲಿನ ಜೋಡಣೆ, ಅದರ ಮೇಲಿನ ಹಲ್ಲು, ಹೀಗೆ ಮೂರು ಭಾಗ ಇರುತ್ತವೆ. ಹೇಳಿದ ದರ ಮೊದಲನೆಯದಕ್ಕೆ ಮಾತ್ರವಾಗಿರಬಹುದು.

ದರ ಹೆಚ್ಚು ಕಮ್ಮಿ ಆಗುವುದಕ್ಕೆ ನ್ಯಾಯವಾದ ಕಾರಣಗಳೂ ಇವೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ. ದವಡೆ ಹಲ್ಲಿಗೆ ಮೂರು, ಕೆಲವೊಮ್ಮೆ ನಾಲ್ಕು. ಒಂದನ್ನು ಬಿಟ್ಟರೂ ಸೋಂಕು ಉಳಿಯಬಹುದು. ಬೇರುಗಳು ಸೊಟ್ಟಗಿದ್ದರೆ, ಹಿಂದೆ ಮಾಡಿದ್ದನ್ನು ತೆಗೆದು ಮತ್ತೆ ಮಾಡುವುದಿದ್ದರೆ ರೂಟ್ ಕೆನಾಲ್‌ನಲ್ಲೇ ವಿಶೇಷ ತರಬೇತಿ ಇರುವವರು ಬೇಕಾಗುತ್ತಾರೆ, ಅವರ ಸಮಯಕ್ಕೆ ಬೆಲೆ ಜಾಸ್ತಿ. ಕ್ಯಾಪ್ ತಯಾರಾಗುವುದು ಹೆಚ್ಚಾಗಿ ಬೇರೆ ಲ್ಯಾಬ್‌ನಲ್ಲಿ. ಬರೀ ಲೋಹ, ಲೋಹದ ಮೇಲೆ ಪಿಂಗಾಣಿ, ಜಿರ್ಕೋನಿಯಾ, ಇವುಗಳ ಬೆಲೆ ಬೇರೆ ಬೇರೆ. ಹಿಂದಿನ ಹಲ್ಲಿಗೆ ಲೋಹದ್ದು ಹಾಕಿದರೂ ಗಟ್ಟಿಯೇ. ಹಲ್ಲನ್ನು ಕಮ್ಮಿ ಉಜ್ಜಿ ತೆಗೆದರೆ ಸಾಕು. ಬಣ್ಣ ಕಾಣುತ್ತದೆ ಅನ್ನುವುದೊಂದೇ ತಕರಾರು. ಈ ಆಯ್ಕೆಯನ್ನು ತಾವಾಗಿಯೇ ಹೇಳುವ ಡಾಕ್ಟರ ಬಗ್ಗೆ ನನಗೆ ಗೌರವ ಜಾಸ್ತಿ.

ಕೀಳಿಸಿಬಿಟ್ಟರೆ ಅಗ್ಗ ಅಲ್ವಾ ಅಂತ ಮನೆಯಲ್ಲಿ ಕೇಳಿದರು. ಅವತ್ತಿನ ಮಟ್ಟಿಗೆ ಹೌದು. ಆದರೆ ಖಾಲಿ ಜಾಗಕ್ಕೆ ಅಕ್ಕಪಕ್ಕದ ಹಲ್ಲು ವಾಲುತ್ತವೆ, ಮೇಲಿನ ಹಲ್ಲು ಕೆಳಗಿಳಿಯುತ್ತದೆ. ಆಮೇಲೆ ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಬ್ರಿಡ್ಜ್ ಅಂದರೆ ಪಕ್ಕದ ಎರಡು ಹಲ್ಲನ್ನೂ ಉಜ್ಜಿ ಸಣ್ಣ ಮಾಡಬೇಕು, ಇಂಪ್ಲಾಂಟ್ ಅಂದರೆ ಇನ್ನೂ ಖರ್ಚು. ಅದನ್ನೂ ಸೇರಿಸಿ ಬರೆದರೆ ಉಳಿಸಿಕೊಳ್ಳುವುದೇ ಅಗ್ಗ ಅಂತ ಕಂಡಿತು. ಹಲ್ಲು ಒಸಡಿನ ಕೆಳಗಿನವರೆಗೆ ಸೀಳಿದ್ದರೆ ಕೀಳಿಸುವುದೇ ಸರಿ. ನನ್ನದು ಹಾಗಿರಲಿಲ್ಲ. ಕೈಯಲ್ಲಿ ದುಡ್ಡು ಕಮ್ಮಿ ಇದ್ದು ಸಮಯ ಇರುವವರಿಗೆ ದಂತ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಕಲಿಯುವವರು ಅಧ್ಯಾಪಕರ ಕಣ್ಣೆದುರು ಮಾಡುತ್ತಾರೆ. ನಿಧಾನ, ಆದರೆ ಪ್ರತಿ ಹಂತವನ್ನೂ ಇನ್ನೊಬ್ಬರು ನೋಡಿರುತ್ತಾರೆ.

ರೂಟ್ ಕೆನಾಲ್‌ಗೆ ಮೊದಲು ಎರಡನೇ ಅಭಿಪ್ರಾಯ ಕೊಟ್ಟ ಡಾಕ್ಟರ ಕ್ಲಿನಿಕ್‌ನಲ್ಲೇ ಕ್ಲೀನಿಂಗ್ ಮಾಡಿಸಿಕೊಂಡೆ. ಸಣ್ಣ ಕೆಲಸದಲ್ಲಿ ಜಾಗದ ಶಿಸ್ತು ತಿಳಿಯುತ್ತದೆ. ಉಪಕರಣಗಳ ಪೊಟ್ಟಣವನ್ನು ನನ್ನೆದುರೇ ಹರಿದರು. ಒಳಗೆ ಉಗಿ ಮತ್ತು ಶಾಖ ತಗಲಿದರೆ ಬಣ್ಣ ಬದಲಾಗುವ ಪಟ್ಟಿ ಅದರ ಮೇಲೆ ಇರುತ್ತದೆ. ಒತ್ತಡದ ಉಗಿಯಲ್ಲಿ ಉಪಕರಣಗಳ ರೋಗಾಣು ಸಾಯಿಸುವ ಯಂತ್ರವಾದ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ, ಇಲ್ಲವೇ 134 ಡಿಗ್ರಿಯಲ್ಲಿ 3 ನಿಮಿಷ ಇಡುವುದು ಸಾಮಾನ್ಯ ಕ್ರಮ. ಕುದಿಯುವ ನೀರಲ್ಲಿ ಅದ್ದಿ ತೆಗೆದರೆ ಎಲ್ಲ ರೋಗಾಣು ಸಾಯುವುದಿಲ್ಲ. ಕೊರೆಯುವ ಹ್ಯಾಂಡ್‌ಪೀಸನ್ನೂ ಪ್ರತಿ ರೋಗಿಗೆ ಹೀಗೇ ಮಾಡುತ್ತೀರಾ ಅಂತ ಕೇಳಿದೆ. ಬೇಸರಪಡದೆ ಒಳಗೆ ಕರೆದು ಯಂತ್ರವನ್ನೇ ತೋರಿಸಿದರು.

ರೂಟ್ ಕೆನಾಲ್ ದಿನ ಆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದರು. ಉಗುಳು ನಾಳದೊಳಗೆ ಹೋಗುವುದಿಲ್ಲ, ಸೂಜಿಯಂಥ ಫೈಲ್‌ಗಳು ಗಂಟಲಿಗೆ ಜಾರುವುದಿಲ್ಲ. ರಬ್ಬರ್ ಡ್ಯಾಮ್ ಬಳಸುತ್ತೀರಾ ಅನ್ನುವ ಪ್ರಶ್ನೆಯನ್ನು ದರ ಕೇಳುವಾಗಲೇ ಕೇಳಿ. ಇದಕ್ಕೆ ಹೆಚ್ಚು ಹೊತ್ತು, ಹೆಚ್ಚು ಕಷ್ಟ. ಆದರೂ ಬಳಸುವವರು ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಅಂತ ಲೆಕ್ಕ. ಮುಗಿದ ಮೇಲಿನ ಎಕ್ಸ್‌ರೇಯಲ್ಲಿ ನಾಳ ತುಂಬಿದ ಬಿಳಿ ಗೆರೆ ಪ್ರತಿ ಬೇರಿನ ತುದಿಯ ಹತ್ತಿರದವರೆಗೆ ಎಡೆಬಿಡದೆ ಇಳಿದಿದೆಯಾ ಅಂತ ನಾನೂ ನೋಡಿದೆ. ಆ ಪ್ರತಿ ಈಗಲೂ ನನ್ನ ಹತ್ತಿರ ಇದೆ.

ಕ್ಯಾಪ್ ಬಂದ ದಿನ ಮಾತ್ರ ಆತುರ ಮಾಡಬೇಡಿ. ಪಕ್ಕಾ ಸಿಮೆಂಟ್ ಹಾಕಿ ಅಂಟಿಸಿದ ಮೇಲೆ ತೆಗೆಯಬೇಕಾದರೆ ಸಾಮಾನ್ಯವಾಗಿ ಕತ್ತರಿಸಿಯೇ ತೆಗೆಯಬೇಕು. ಅಂಟಿಸುವ ಮೊದಲು ಸುಮ್ಮನೆ ಕೂರಿಸಿ, ಬಣ್ಣದ ಕಾಗದ ಕಚ್ಚಿಸಿ ನೋಡುತ್ತಾರೆ. ಮರಗಟ್ಟಿರುವ ಬಾಯಲ್ಲಿ ಕಚ್ಚು ಸರಿಯಾಗಿ ಗೊತ್ತಾಗುವುದಿಲ್ಲ, ಹಾಗಾಗಿ ಅವತ್ತು ಇಂಜೆಕ್ಷನ್ ಬೇಡ ಅಂದೆ. ನರ ತೆಗೆದಿರುವ ಹಲ್ಲಿಗೆ ಅದು ಬೇಕಾಗಲೂ ಇಲ್ಲ. ಆ ಹಲ್ಲೇ ಮೊದಲು ತಗಲುತ್ತಿತ್ತು, ಹೇಳಿದೆ, ಒಂದಿಷ್ಟು ಉಜ್ಜಿದರು. ಫ್ಲಾಸ್ ದಾರ ಎರಡೂ ಪಕ್ಕ ಸ್ವಲ್ಪ ಬಿಗಿಯಾಗಿ ಇಳಿಯಿತು, ಹರಿಯಲಿಲ್ಲ. ತೀರಾ ಸಡಿಲ ಇದ್ದರೆ ಊಟ ಸಿಕ್ಕಿಕೊಳ್ಳುತ್ತದೆ. ಇಷ್ಟೆಲ್ಲ ಸರಿಯಾದ ಮೇಲೆ ಅಂಟಿಸಿದರು. ಲ್ಯಾಬ್‌ನ ವಾರಂಟಿ ಕಾರ್ಡನ್ನೂ, ಹಲ್ಲಿನ ನಂಬರ್ ಬರೆದ ಬಿಲ್ಲನ್ನೂ ಕೇಳಿ ಪಡೆದು ಮನೆಗೆ ಬಂದೆ. 25, 26ರ ಫಿಲ್ಲಿಂಗ್‌ಗೆ ಮುಂದಿನ ತಿಂಗಳು ಬರಲು ಹೇಳಿದರು.